ಭಂಡಾರ ಮುಟ್ಟದ ಮಾತು

ಮಾಳಸಿದ್ದನ ಬಾಯಲ್ಲಿ ದಿನಕ್ಕೆ ನಲವತ್ತು ಆಣೆ ಹುಟ್ಟುತ್ತಿದ್ದವು. ಚಹಾ ಕುಡಿದೆ ಎನ್ನಲು ಚಿಂಚಲಿಯ ಮಾಯವ್ವನ ಆಣೆ, ಕುಡಿದಿಲ್ಲ ಎನ್ನಲು ಬೀರಪ್ಪನ ಆಣೆ. ಎಮ್ಮೆ ಆರು ಲೀಟರು ಹಿಂಡಿತು ಎಂದು ಹೇಳುವುದಿದ್ದರೆ ಸತ್ತ ತಾಯಿಯನ್ನೂ ಎಬ್ಬಿಸಿ ಸಾಕ್ಷಿಗೆ ಕರೆತರುವ ಪೈಕಿ. ಐನಾಪುರದ ಸಂತೆಯಲ್ಲಿ ಅವನು ಹೋತದ ವಯಸ್ಸು ಹೇಳಿ ಆಣೆ ಹಾಕಿದನೆಂದರೆ, ಕೊಳ್ಳಲು ಬಂದವರು ಮಾತಾಡದೆ ಹೋತದ ಬಾಯಿ ತೆರೆದು ಹಲ್ಲು ನೋಡುತ್ತಿದ್ದರು. ಆಣೆ ಹೆಚ್ಚಾದಷ್ಟೂ ನಂಬಿಕೆ ಕಡಿಮೆಯಾಗುತ್ತದೆ ಎಂಬುದು ಊರಿನ ಮಕ್ಕಳಿಗೂ ಗೊತ್ತಿತ್ತು. ಐವತ್ತೈದು ದಾಟಿದರೂ ಗೊತ್ತಾಗದೆ ಉಳಿದವನು ಅವನೊಬ್ಬನೇ.

ಅವನ ಹೆಂಡತಿ ದುಂಡವ್ವನದು ಬೇರೆಯೇ ಹುಚ್ಚು. ಆರು ವರ್ಷದ ಹಿಂದೆ ಮಗಳು ಶೈಲಾಳ ಹೆರಿಗೆ ಕಷ್ಟವಾಗಿ ಮಿರಜಿನ ದವಾಖಾನೆಯಲ್ಲಿ ಹನ್ನೊಂದು ದಿನ ಇರಬೇಕಾಗಿ ಬಂತು. ಅಲ್ಲಿ ವಯಸ್ಸಾದ ಒಬ್ಬ ನರ್ಸಬಾಯಿ, ಶೈಲಾ ವಾಂತಿ ಮಾಡಿಕೊಂಡದ್ದನ್ನು ಮುಖ ಸಿಂಡರಿಸದೆ ಬರಿಗೈಯಲ್ಲಿ ಬಳಿದಳು. "ನೀವು ನಮಗ ಏನ ಆಗಬೇಕ್ರಿ, ಇಷ್ಟ ಮಾಡತೀರಿ?" ಎಂದು ದುಂಡವ್ವ ಕೇಳಿದ್ದಕ್ಕೆ ಆ ನರ್ಸಬಾಯಿ ನಕ್ಕು, ಬಿಡುಗಡೆಯ ದಿನ ಅಂಗೈಯಗಲದ ಒಂದು ಪುಸ್ತಕ ಕೊಟ್ಟಳು. ಯೇಸುಸ್ವಾಮಿ ಹೇಳಿದ ಮಾತುಗಳ ಪುಸ್ತಕ. ದುಂಡವ್ವ ನಾಲ್ಕನೇ ಇಯತ್ತೆ ಕಲಿತವಳು. ಬೆಳಗ್ಗೆ ಸೆಗಣಿ ಬಳಿಯುವ ಮುಂಚೆ ಒಂದೇ ಒಂದು ವಾಕ್ಯ ಬೆರಳಿಟ್ಟು ಓದುವುದು, ಆ ದಿನ ಪೂರ್ತಿ ಅದನ್ನೇ ಮಾಡಿ ನೋಡುವುದು. ಹಣೆಯ ಕುಂಕುಮ ಹೋಗಲಿಲ್ಲ, ಹೆಸರು ಬದಲಾಗಲಿಲ್ಲ. ಯಾರಾದರೂ ಕೆಣಕಿದರೆ "ಆ ಸ್ವಾಮಿ ಹೇಳಿದ್ದು ಛಲೋ ಐತಿ, ಮಾಡಿ ನೋಡಾಕತ್ತೇನಿ" ಎನ್ನುವಳು. ಅಷ್ಟೇ.

ಅಷ್ಟೇ ಎಂದರೆ ಮಾಳಸಿದ್ದ ಒಪ್ಪುವುದಿಲ್ಲ. ಮನೆಯಲ್ಲಿ ಇವತ್ತು ಯಾವ ವಾಕ್ಯ ಬಂದಿದೆಯೋ ಎಂಬ ಹೆದರಿಕೆ ಅವನಿಗೆ. ಹಳೆಯ ಕಂಬಳಿ ಇದ್ದರೆ ಕೊಡಿ ಎಂದು ಬಂದ ಕುರುಬನಿಗೆ ಅವಳು ಹೊಸದನ್ನು ಕೊಟ್ಟು ಕಳಿಸಿದಳು. ಅಂಗಿ ಕೇಳಿದವನಿಗೆ ಮೇಲುಹೊದಿಕೆಯನ್ನೂ ಕೊಡು ಎಂದು ಬಂದಿತ್ತಂತೆ. ಮತ್ತೊಂದು ದಿನ ಸಕ್ಕರೆ ಕಾರ್ಖಾನೆಯ ಹುಡುಗನೊಬ್ಬನ ಮೋಟಾರ್ ಸೈಕಲ್ ಕೆಟ್ಟು, ಕಾಲುವೆತನಕ ಈ ಚೀಲ ಹಿಡಿಯಿರಿ ಎಂದರೆ ಇವಳು ಐನಾಪುರದ ಬಸ್ ಸ್ಟ್ಯಾಂಡಿನವರೆಗೆ ಹೊತ್ತುಕೊಂಡು ಹೋದಳು. ಒಂದು ಮೈಲಿ ಕರೆದವನ ಜೊತೆ ಎರಡು ಮೈಲಿ ಹೋಗು ಎಂಬುದು ಅವತ್ತಿನ ವಾಕ್ಯ. ಅವತ್ತು ಮಾಳಸಿದ್ದನಿಗೆ ರೊಟ್ಟಿ ಸಿಕ್ಕಿದ್ದು ಮೂರು ಗಂಟೆಗೆ. "ಊರಿಗಿ ಉಪಕಾರಿ, ಮನಿಗಿ ಮಾರಿ" ಎಂದು ಗೊಣಗುತ್ತ ಉಂಡ.

ಹೋದ ಶ್ರಾವಣದಲ್ಲಿ ಒಂದು ಮುಂಜಾನೆ ತಮಾಷೆಗೆಂದು ಅವನೇ ಕೇಳಿದ್ದ: "ಇವತ್ತೇನ ಬಂತು? ನನಗೂ ಹೇಳ."

"ಆಣಿ ಮಾಡಲೇಬ್ಯಾಡ್ರಿ ಅಂತಾನ. ಆಕಾಶದ್ದೂ ಬ್ಯಾಡ, ಭೂಮೀದೂ ಬ್ಯಾಡ, ನಿನ್ನ ತಲೀದೂ ಬ್ಯಾಡ. ಒಂದ ಕೂದಲಾ ಕರಿ ಬಿಳಿ ಮಾಡಾಕ ನಿನ್ನ ಕೈಲೆ ಆಗೂದಿಲ್ಲಂತ. ಹೌದಿದ್ರ ಹೌದು, ಇಲ್ಲಂದ್ರ ಇಲ್ಲ. ಅಷ್ಟ ಸಾಕಂತ."

"ಕರಿ ಮಾಡಾಕ ಯಾಕ ಆಗೂದಿಲ್ಲ? ಹತ್ತ ರೂಪಾಯಿ ಪುಡಿ ತಂದ್ರ ಆತು" ಎಂದು ಮಾಳಸಿದ್ದ ಮೀಸೆ ತಿರುವಿದ. "ಮಾಯವ್ವನಾಣಿ, ನಿಮ್ಮ ಸ್ವಾಮಿ ನನ್ನ ನೋಡೇ ಈ ಮಾತ ಹೇಳ್ಯಾನ!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಸಂಜೆಯೊಳಗೆ ಅವನು ಅದನ್ನು ಮರೆತ. ಅವಳು ಮರೆಯಲಿಲ್ಲ. ಮರೆತಿಲ್ಲ ಎಂಬುದು ಅವನಿಗೆ ತಿಳಿಯಲು ಜನವರಿ ಬರಬೇಕಾಯಿತು.

ಅವರ ಎರಡು ಎಕರೆ ಕಬ್ಬು ಹದಿನಾಲ್ಕು ತಿಂಗಳು ಬೆಳೆದು ನಿಂತಿತ್ತು. ಆ ಹೊಲಕ್ಕೆ ಸ್ವಂತ ದಾರಿ ಇಲ್ಲ. ನೆರೆಯ ಭೀಮಗೊಂಡನ ದ್ರಾಕ್ಷಿ ತೋಟದ ಬದುವಿನ ಗುಂಟ ಹಾದು ಡಾಂಬರು ರಸ್ತೆ ಸೇರಬೇಕು. ಮೂವತ್ತು ವರ್ಷ ಚಕ್ಕಡಿ, ಆಮೇಲೆ ಟ್ರ್ಯಾಕ್ಟರು ಹಾಗೆಯೇ ಹೋಗಿದ್ದವು. ಈ ವರ್ಷ ಭೀಮಗೊಂಡ ಬದುವಿನವರೆಗೂ ಹೊಸ ದ್ರಾಕ್ಷಿ ಸಾಲು ಹಾಕುತ್ತೇನೆಂದು ದಾರಿಗೆ ಅಡ್ಡ ಕಲ್ಲುಕಂಬ ನೆಟ್ಟ. ಕೆಟ್ಟ ಮನುಷ್ಯನಲ್ಲ, ಆದರೆ ಇಂಚು ಭೂಮಿಯನ್ನೂ ಬಿಡುವ ಮನುಷ್ಯನೂ ಅಲ್ಲ. "ನಮ್ಮಪ್ಪ ಮರ್ಯಾದಿಗೆ ಬಿಟ್ಟಿದ್ದ. ಹಕ್ಕಂತ ಕೊಟ್ಟಾನ ಅನ್ನೂದಕ್ಕ ಕಾಗದ ತೋರಿಸ್ರಿ" ಎಂದ. ಕಾಗದ ಎಲ್ಲಿಯದು?

ಅದೇ ವಾರ ಕಬ್ಬು ಕಡಿಯುವ ಟೋಳಿ ಬಂತು. ಟೋಳಿಯ ಮೇಸ್ತ್ರಿ, ಅಂದರೆ ಮುಕಾದಮ, ಉತ್ತಮ ಎಂಬವನು, ಮಹಾರಾಷ್ಟ್ರದ ಬೀಡ ಜಿಲ್ಲೆಯವನು. ಟ್ರ್ಯಾಕ್ಟರು ಹೊಡೆಯುವವನೂ ಅವನೇ. ಕಂಬಗಳನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತ. "ರಸ್ತಾ ನಾಹೀ ತರ ಗಾಡಿ ಕಶೀ ನೇಊ, ಮಾಲಕ?" ಎಂದ. ದಾರಿಯಿಲ್ಲದೆ ಗಾಡಿ ಹೇಗೆ ಒಯ್ಯಲಿ? ನಾಲ್ಕು ದಿನ ಕಾಯುತ್ತೇನೆ, ಆಮೇಲೆ ಕಾಗವಾಡದ ಕಡೆ ಹೋಗುತ್ತೇನೆ ಎಂದ. ಟೋಳಿ ಹೋದರೆ ಮತ್ತೆ ಪಾಳಿ ಬರುವುದು ಯಾವಾಗಲೋ. ಅಷ್ಟರಲ್ಲಿ ಕಬ್ಬು ನಿಂತಲ್ಲೇ ಒಣಗಿ ಬೆಂಡಾಗುತ್ತದೆ. ಒಂದು ವರ್ಷದ ಅನ್ನ ಅದು.

ಊರ ಪಂಚರು ಬೀರಪ್ಪನ ಗುಡಿಯಲ್ಲಿ ಕೂಡುವುದೆಂದಾಯಿತು. ಮಾಳಸಿದ್ದನಿಗೆ ಚಿಂತೆಯೇನೂ ಇರಲಿಲ್ಲ. ಯಾಕೆಂದರೆ ದಾರಿ ಕೊಟ್ಟ ಮಾತನ್ನು ಕಿವಿಯಾರೆ ಕೇಳಿದ ಒಂದು ಜೀವ ಇನ್ನೂ ಇತ್ತು, ಅದು ಅವನ ಹೆಂಡತಿಯೇ. ಆಗ ಅವಳು ಮದುವೆಯಾಗಿ ಬಂದ ಹೊಸತು. ಮಾವನಿಗೆ ಬುತ್ತಿ ಒಯ್ದಿದ್ದಳು. ಮಾವ ಆ ಬೇಸಿಗೆಯಲ್ಲಿ ತನ್ನ ಕುರಿ ಹಿಂಡನ್ನು ಗೊಬ್ಬರಕ್ಕೆಂದು ಭೀಮಗೊಂಡನ ತಂದೆ ಧರೆಪ್ಪನ ತೋಟದಲ್ಲಿ ತಿಂಗಳುಗಟ್ಟಲೆ ತರುಬಿದ್ದ. ಅದಕ್ಕೆ ಕೂಲಿಯೇನೂ ಕೇಳಿರಲಿಲ್ಲ. ಬದುವಿನ ಮೇಲೆ ಒಂದೇ ಬುತ್ತಿ ಹಂಚಿಕೊಂಡು ಉಣ್ಣುತ್ತ ಧರೆಪ್ಪ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು.

ಅಂಥ ಮಾತನ್ನು ಪಕ್ಕಾ ಮಾಡುವ ರೀತಿ ಆ ಸೀಮೆಯಲ್ಲಿ ಒಂದೇ. ದೇವರ ಮುಂದಿನ ಅರಿಶಿನಕ್ಕೆ ಭಂಡಾರ ಎನ್ನುತ್ತಾರೆ. ಅದನ್ನು ಮುಷ್ಟಿಯಲ್ಲೆತ್ತಿ ಮಾತು ಹೇಳಿದರೆ ಮುಗಿಯಿತು. ಕೋರ್ಟು ಕಚೇರಿ ಅದರ ಮುಂದೆ ಏನೂ ಅಲ್ಲ. ಸುಳ್ಳಿಗೆ ಭಂಡಾರ ಎತ್ತಿದವನ ಮನೆ ಮೂರು ತಲೆಮಾರು ಉದ್ಧಾರವಾಗುವುದಿಲ್ಲ ಎಂದು ನಂಬಿದ ಜನ. "ನಾಳೆ ಭಂಡಾರ ಎತ್ತಿ ಕೇಳಿದ್ದು ಕೇಳಿದಂಗ ಹೇಳಿಬಿಡ" ಎಂದು ಮಾಳಸಿದ್ದ ಹೆಂಡತಿಗೆ ಹೇಳಿದ. ಅವಳು ಸುಮ್ಮನಿದ್ದಳು. ಸುಮ್ಮನಿದ್ದದ್ದನ್ನು ಹೂಂ ಎಂದುಕೊಳ್ಳುವುದು ಗಂಡಸರ ಹಳೆಯ ರೂಢಿ.

ಮರುದಿನ ಹತ್ತು ಗಂಟೆಗೆ ಗುಡಿಯ ಕಟ್ಟೆ ತುಂಬಿತ್ತು. ಪಂಚರಲ್ಲಿ ಹಿರಿಯನಾದ ಅಣ್ಣಾಸಾಬ ಭಂಡಾರದ ತಟ್ಟೆಯನ್ನು ಮುಂದಿಟ್ಟುಕೊಂಡು ಕೂತಿದ್ದ.

"ಹೇಳ ಬೇ ದುಂಡವ್ವಾ. ಧರೆಪ್ಪ ಏನಂದಿದ್ದ?"

"'ನಿನ್ನ ಕುರಿ ನನ್ನ ಭೂಮಿಗಿ ಕಸುವು ಕೊಟ್ಟಾವ. ನಿನ್ನ ಗಾಡಿ ನನ್ನ ಬದುವಿನ ಮ್ಯಾಲ ಹಾಯಲಿ. ನಾ ಇರೂತನ ಅಲ್ಲ, ಈ ಭೂಮಿ ಇರೂತನ' ಅಂದ್ರು. ನಾ ಕೇಳೇನ್ರಿ."

ಅಣ್ಣಾಸಾಬ ಭೀಮಗೊಂಡನ ಕಡೆ ನೋಡಿದ. ದುಂಡವ್ವನನ್ನು ಅತ್ತಿಗೆಯೆಂದೇ ಕರೆಯುವ ಭೀಮಗೊಂಡ ಹೂಂ ಎಂದು ತಲೆಯಾಡಿಸಿದ. "ವೈನಿ ಭಂಡಾರ ಎತ್ತಿ ಇದನ್ನ ಹೇಳಿದ್ರ ಇವತ್ತ ಕಂಬ ಕೀಳತೇನಿ. ನಂದೇನೂ ತಕರಾರ ಇಲ್ಲ."

ಮಾಳಸಿದ್ದ ಖುಷಿಯಿಂದ ತಲೆಯ ಪಟಕಾ ಸರಿಮಾಡಿಕೊಂಡ. ಅಣ್ಣಾಸಾಬ ತಟ್ಟೆಯನ್ನು ದುಂಡವ್ವನ ಕಡೆ ಸರಿಸಿದ.

ಅವಳು ತಟ್ಟೆಗೆ ಕೈ ಮುಗಿದಳು. ಮುಟ್ಟಲಿಲ್ಲ. "ಕೇಳೇನಿ, ಹೌದು. ಆದ್ರ ಆಣಿ ಮಾಡೂದಿಲ್ರಿ."

ಕಟ್ಟೆಯ ಮೇಲೆ ಗುಜುಗುಜು ಎದ್ದಿತು. ಖರೆ ಇದ್ದವರಿಗೆ ಅಂಜಿಕೆ ಯಾಕೆ ಎಂದು ಯಾರೋ ಅಂದರು. ಸುಳ್ಳು ಸಿಕ್ಕಿತು ನೋಡಿ ಎಂದು ಇನ್ಯಾರೋ ನಕ್ಕರು. ಮಾಳಸಿದ್ದನಿಗೆ ಶ್ರಾವಣದ ಆ ಮುಂಜಾನೆಯ ನಗೆ ಈಗ ನೆನಪಿಗೆ ಬಂತು.

"ಸುಳ್ಳಂತ ಅಲ್ರಿ" ಎಂದಳು ದುಂಡವ್ವ. "ಭಂಡಾರಕ್ಕ ಅಪಮಾನ ಮಾಡಾಕೂ ಅಲ್ಲ. ಇದನ್ನ ಹಿಡದಾಗ ಅಷ್ಟ ನಾ ಖರೇ ಹೇಳತೇನಿ ಅಂದ್ರ, ಉಳದ ದಿನಾ ಹೇಳಿದ್ದೆಲ್ಲಾ ಏನಾತ್ರಿ? ನನಗ ಹೌದಂದ್ರ ಹೌದು ಅನ್ನಾಕ ಯೇಸುಸ್ವಾಮಿ ಹೇಳ್ಯಾನ. ಅಷ್ಟ ಹೇಳತೇನಿ. ಹೌದು."

"ಅಷ್ಟಕ್ಕ ಪಂಚರು ಒಪ್ಪೂದಿಲ್ಲ ಬೇ" ಎಂದ ಅಣ್ಣಾಸಾಬ, ಬೇಸರದಿಂದಲೇ.

ಮಾಳಸಿದ್ದನ ಕಣ್ಣೆದುರು ಎರಡು ಎಕರೆ ಕಬ್ಬು ಬೆಂಡಾಗುತ್ತಿತ್ತು. ಅವನು ಎದ್ದವನೇ ತಟ್ಟೆಗೆ ಕೈಹಾಕಿದ. "ನಾ ಎತ್ತತೇನಿ! ಅವತ್ತ ನಾನೂ ಅಲ್ಲೇ ಇದ್ನಿ. ನಾನೂ ಕೇಳೇನಿ. ಮಾಯವ್ವನಾಣಿ, ಬೀರಪ್ಪನಾಣಿ!"

ಮುಷ್ಟಿ ತುಂಬ ಅರಿಶಿನ ಹಿಡಿದು ಮೇಲೆತ್ತುವಷ್ಟರಲ್ಲಿ ಅಣ್ಣಾಸಾಬ ಅವನ ಮಣಿಕಟ್ಟು ಹಿಡಿದ. ಮುದುಕನಿಗೆ ಮಾಳಸಿದ್ದನ ಆಣೆಗಳ ಪರಿಚಯ ಚೆನ್ನಾಗಿತ್ತು. ಹಿಡಿದ ಕೈ ಬಿಡದೆ ದುಂಡವ್ವನನ್ನು ಕೇಳಿದ: "ಇವ ಅವತ್ತ ಅಲ್ಲಿ ಇದ್ನೇನು?"

ಅವಳು ಗಂಡನನ್ನು ನೋಡಿದಳು. ಮಾಳಸಿದ್ದ ಕಣ್ಣಲ್ಲೇ ಬೇಡಿಕೊಂಡ. ಒಂದು ಹೂಂ ಸಾಕಿತ್ತು. ಹೂಂ ಕೂಡ ಬೇಡ, ಸುಮ್ಮನಿದ್ದರೂ ಸಾಕಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಅಷ್ಟು ದೈನ್ಯದಿಂದ ಎಂದೂ ನೋಡಿರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು.

"ಇಲ್ರಿ" ಎಂದಳು. "ಅವರು ಇರಲಿಲ್ಲ. ಇನ್ನೊಂದ ಹಿಂಡ ಹೊಡಕೊಂಡು ಗಡಹಿಂಗ್ಲಜ ಕಡೆ ಹೋಗಿದ್ರು."

ಯಾರೂ ನಗಲಿಲ್ಲ. ಮಾಳಸಿದ್ದನ ಮುಷ್ಟಿ ತಾನಾಗಿ ಸಡಿಲಾಗಿ ಭಂಡಾರ ತಟ್ಟೆಗೆ ಸುರಿಯಿತು. ಅವಮಾನದಿಂದ ಕಿವಿ ಸುಡುತ್ತಿದ್ದವು, ಆದರೂ ಅದಕ್ಕಿಂತ ಆಳದಲ್ಲಿ ಇನ್ನೊಂದು ಅಂಜಿಕೆ ಹೊಕ್ಕಿತ್ತು. ಸಣ್ಣವನಿದ್ದಾಗ ಚಿಂಚಲಿಯ ಮಾಯವ್ವನ ಮುಂದೆ ಮೊದಲ ಸಲ ನಿಂತಾಗ ಆದಂಥದ್ದು. ಇವಳು ನನ್ನ ರೊಟ್ಟಿ ಬಡಿಯುವ ದುಂಡವ್ವ ಹೌದೋ ಅಲ್ಲವೋ ಎನಿಸಿತು.

ಒಂದು ಕಡೆಯವರು ಎತ್ತದಿದ್ದರೆ ಇನ್ನೊಂದು ಕಡೆಯವರು ಎತ್ತಬೇಕು, ಅದು ಪದ್ಧತಿ. ಅಣ್ಣಾಸಾಬ ಕರೆದ. ಭೀಮಗೊಂಡ ಚಪ್ಪಲಿ ಬಿಟ್ಟು ಮುಂದೆ ಬಂದು, ತಂದೆ ಹಾಗೆ ಅಂದೇ ಇಲ್ಲ ಎಂದು ಹೇಳಲು ಕೈ ಚಾಚಿದ. ಕೈ ತಟ್ಟೆಯ ಮೇಲೆ ಬರುವಷ್ಟರಲ್ಲಿ ದುಂಡವ್ವ ಸೆರಗು ಮುಂದೆ ಹಿಡಿದು ಎದ್ದುನಿಂತಳು.

"ಭೀಮಣ್ಣಾ, ನಿಮಗ ಗೊತ್ತಿಲ್ಲದ್ದನ್ನ ಎತ್ತಬ್ಯಾಡ್ರಿ. ನೀವು ಆಗ ಸಾಂಗಲಿಯೊಳಗ ಸಾಲಿ ಕಲೀತಿದ್ರಿ. ನಾಳೆ ಮನಸಿಗಿ ಹತ್ತತೈತಿ. ದಾರಿ ಬ್ಯಾಡ್ರಿ ನಮಗ. ಬಿಟ್ಟೇವಿ."

ಭೀಮಗೊಂಡನ ಕೈ ತಟ್ಟೆಯ ಮೇಲೆ ಗೇಣುದ್ದ ಅಂತರದಲ್ಲಿ ನಿಂತೇ ಇತ್ತು. ಆಮೇಲೆ ಅವನು ಅದನ್ನು ಹಿಂದಕ್ಕೆ ತೆಗೆದುಕೊಂಡ. ಕೂಟ ಮುಗಿಯಿತು.

ಮನೆಗೆ ಬಂದವನೇ ಮಾಳಸಿದ್ದ ಎಮ್ಮೆಗೆ ಬೈದ, ಬಕೆಟ್ಟಿಗೆ ಬೈದ, ಕಡೆಗೆ ಅವಳಿಗೆ ಬೈದ. "ಕೈಗೆ ಬಂದ ತುತ್ತ ಬಾಯಿಗೆ ಬರಲಾರದಂಗ ಮಾಡಿದಿ. ಆರ ವರ್ಷ ಓದಿದೆಲ್ಲಾ, ಏನ ಕೊಟ್ಟ ನಿನ್ನ ಸ್ವಾಮಿ? ಗಂಡನ್ನ ಊರ ಮುಂದ ಸುಳ್ಳ ಮಾಡೂದು ಕಲಿಸಿದನ?"

ಅವಳು ಒಲೆಯ ಮುಂದೆ ಕೂತು ಅಳುತ್ತಿದ್ದಳು. "ನನಗೂ ಅಂಜಿಕಿ ಐತ್ರಿ. ಕಬ್ಬು ನಂದೂ ಹೌದಲ್ಲ? ಹದಿನಾಲ್ಕ ತಿಂಗಳ ನಾನೂ ನೀರ ಹಾಯಿಸೇನಿ. ಮುಂದ ಹ್ಯಾಂಗ ಅನ್ನೂದು ನನಗೂ ಗೊತ್ತಿಲ್ಲ."

"ಮತ್ತ ಯಾಕ?"

"ಮುಷ್ಟಿ ತುಂಬ ಭಂಡಾರ ಹಿಡದು ನೀವು ಸುಳ್ಳ ಹೇಳೂದು ನೋಡಿ ನಾ ಸುಮ್ಮನ ಕುಂತ್ರ, ಮನಿಗಿ ಬಂದ ನಿಮ್ಮ ಮಾರಿ ಹ್ಯಾಂಗ ನೋಡಲಿ?"

ಮಾತು ಮುಗಿದಾಗ ಕೆಲಸ ಹಚ್ಚಿಕೊಳ್ಳುವ ಮನುಷ್ಯ ಅವನು. ಕುಡಗೋಲು ತೆಗೆದುಕೊಂಡು ಹೊಲಕ್ಕೆ ನಡೆದ. ಅವಳೂ ಹಿಂದೆ ಬಂದಳು. ಅವನು ಕಡಿದ, ಅವಳು ಕಟ್ಟಿದಳು, ಇಬ್ಬರೂ ತಲೆಯ ಮೇಲೆ ಹೊರೆ ಇಟ್ಟು ಹಳ್ಳಕ್ಕಿಳಿದು ಬಳಸು ಹಾದಿಯಲ್ಲಿ ರಸ್ತೆಗೆ ಒಯ್ದರು. ಮೂರು ಸರತಿಗೆ ಹೊತ್ತು ಇಳಿಯಿತು. ರಸ್ತೆಬದಿಗೆ ಬಿದ್ದ ಆರು ಹೊರೆ, ಹೊಲದಲ್ಲಿ ನಿಂತ ಎರಡು ಎಕರೆ. ಮಾಳಸಿದ್ದನಿಗೆ ಅಳು ಬರುವುದೊಂದು ಬಾಕಿ. ಕೈ ತೊಳೆದಾಗ ಉಗುರಿನ ಸಂದಿಯ ಹಳದಿ ಹೋಗಲೇ ಇಲ್ಲ. ತಿಕ್ಕಿ ತಿಕ್ಕಿ ಬಿಟ್ಟ.

ಮರುದಿನ ಬೆಳಗ್ಗೆ ಎದ್ದಾಗ ಮೂಡಣದಲ್ಲಿ ತೆಳ್ಳಗೆ ಮೋಡ ಕಟ್ಟಿತ್ತು. ಮಾಳಸಿದ್ದನಿಗೆ ಒಳಗೊಳಗೇ ಖುಷಿಯಾಯಿತು. ಈ ಹೊತ್ತಿನಲ್ಲಿ ಮೋಡ ಬಿದ್ದರೆ ದ್ರಾಕ್ಷಿಗೆ ರೋಗ, ಎರಡು ದಿನದಲ್ಲಿ ಗೊನೆಗೊನೆಯೇ ಕಪ್ಪಾಗುತ್ತದೆ. ಬೀಳಲಿ, ಚೆನ್ನಾಗಿ ಬೀಳಲಿ, ಕಂಬ ನೆಟ್ಟವನಿಗೆ ಬುದ್ಧಿ ಬರಲಿ ಎಂದುಕೊಳ್ಳುತ್ತ ಮೇವಿನ ಬಣವೆಯ ಹಿಂದೆ ಹೋದ. ಬಣವೆಯ ಆಚೆಗೆ ದುಂಡವ್ವನ ದನಿ ಕೇಳಿತು. ದಿನದ ವಾಕ್ಯ ಮುಗಿಸಿ ಸ್ವಾಮಿಯ ಜೊತೆ ಮಾತಿಗಿಳಿದಿದ್ದಳು.

"...ಭೀಮಣ್ಣನ ಬಳ್ಳಿ ಕಾಯಿ ಹಿಡದಾವ ಸ್ವಾಮೀ. ಈ ಮೋಡ ಆಚೀಕ ಹಾಯಲಿ. ಅವನೂ ಮಕ್ಕಳೊಂದಿಗ. ನಮ್ಮ ಕಬ್ಬಿಗೂ ಏನಾರ ಒಂದ ಹಾದಿ ತೋರಸ."

ಮಾಳಸಿದ್ದನಿಗೆ ಕಾಲು ಕಿತ್ತು ಇಡಲಾಗಲಿಲ್ಲ. ಜನರ ಮುಂದೆ ಒಳ್ಳೆಯವಳಾಗುವುದನ್ನು ಅವನು ಅರ್ಥ ಮಾಡಿಕೊಳ್ಳಬಲ್ಲ; ಸಂತೆಯಲ್ಲಿ ಅದನ್ನು ಅವನೂ ಮಾಡುತ್ತಾನೆ. ಇಲ್ಲಿ ಯಾರಿದ್ದರು? ಒಂದು ಎಮ್ಮೆ, ಒಂದು ಕರು. ಕಂಬಳಿ ಕೊಟ್ಟದ್ದು, ಚೀಲ ಹೊತ್ತದ್ದು, ನಿನ್ನೆಯ ಆ 'ಇಲ್ರಿ', ಎಲ್ಲವೂ ಈ ಬಣವೆಯ ಹಿಂದಿನಿಂದ, ಯಾರಿಗೂ ಕಾಣದ ಈ ಜಾಗದಿಂದಲೇ ಎದ್ದು ಬಂದವು ಎಂದು ಅವನಿಗೆ ಹೊಳೆದು ಮೈ ಜುಮ್ಮೆಂದಿತು. ಇದನ್ನು ಅವನು ಆರು ವರ್ಷ ಬಗಲಲ್ಲಿಟ್ಟುಕೊಂಡು ಮಲಗಿದ್ದ, ಗೊತ್ತೇ ಇರಲಿಲ್ಲ.

"ವೈನಿ, ಇದ್ದೀರೇನು?"

ಭೀಮಗೊಂಡ. ಅಂಗಳದ ಅಂಚಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಕಣ್ಣು ಕೆಂಪಾಗಿದ್ದವು. ದುಂಡವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಮಾಳಸಿದ್ದ ಬಣವೆಯ ಹಿಂದೆಯೇ ಉಳಿದ. ಕದ್ದು ಕೇಳಲು ಅಲ್ಲ, ಹೊರಬರಲು ಮುಖವಿರಲಿಲ್ಲ.

"ಬರ್ರಿ, ಚಾ ಮಾಡತೇನಿ."

"ಚಾ ಆಮ್ಯಾಲ. ಒಂದ ಮಾತ ಕೇಳಾಕ ಬಂದೇನಿ. ನಮ್ಮಪ್ಪ ಆ ಮಾತ ಅಂದಿದ್ದು ಹೌದೇನ್ರಿ?"

"ಹೌದು."

ತಟ್ಟೆಯಿಲ್ಲ, ಗುಡಿಯಿಲ್ಲ, ಪಂಚರಿಲ್ಲ. ಆ ಒಂದು ಹೌದು ಅಂಗಳದಲ್ಲಿ ಒಂಟಿಯಾಗಿ ನಿಂತಿತ್ತು. ಇನ್ನೇನಾದರೂ ಸೇರಿಸೇ, ಎಮ್ಮೆಯ ಆಣೆಯನ್ನಾದರೂ ಹಾಕೇ ಎಂದು ಬಣವೆಯ ಹಿಂದೆ ಮಾಳಸಿದ್ದನ ಜೀವ ಒದ್ದಾಡಿತು.

"ಸಾಕು" ಎಂದ ಭೀಮಗೊಂಡ. "ನಿನ್ನೆ ನೀವು ನಿಮ್ಮ ಗಂಡಗ ಇಲ್ಲ ಅಂದ್ರೆಲ್ಲಾ, ಅದು ನನ್ನ ಕಣ್ಣ ಮುಚ್ಚಗೊಡಲಿಲ್ರಿ. ನಿಮ್ಮ ಕಬ್ಬು, ನಿಮ್ಮ ಮನುಷ್ಯಾ. ಆ ಹೊತ್ತಿನ್ಯಾಗ ಇಲ್ಲ ಅಂದವರು ಈಗ ಹೌದಂದ್ರ, ನಾ ಮತ್ತ ಯಾವ ಭಂಡಾರ ಕೇಳಲಿ? ನಾ ಅಂತೂ ಎತ್ತಾಂವ ಇದ್ನಿ ವೈನಿ. ಗೊತ್ತಿಲ್ಲದನ. ನೀವು ಕೈ ಹಿಡದ್ರಿ."

ಅವನು ತಿರುಗಿ ತನ್ನ ತೋಟದ ಕಡೆ ನಡೆದ. ಆಳುಗಳನ್ನು ಕರೆಯಲಿಲ್ಲ. ಸಲಿಕೆ ಹಿಡಿದು ಮೊದಲ ಕಂಬದ ಬುಡ ತಾನೇ ಅಗೆಯತೊಡಗಿದ. ಮಾಳಸಿದ್ದ ಬಣವೆಯ ಹಿಂದಿನಿಂದ ಹೊರಬಂದು, ಹೆಂಡತಿಯನ್ನು ದಾಟಿ, ಏನೂ ಅನ್ನದೆ ಬದುವಿನವರೆಗೆ ಹೋಗಿ ಕಂಬದ ಇನ್ನೊಂದು ತುದಿ ಹಿಡಿದ. ಇಬ್ಬರೂ ಮುಖ ಮುಖ ನೋಡಿಕೊಳ್ಳಲಿಲ್ಲ. ಏಳು ಕಂಬ ಕಿತ್ತು ಬದುವಿನ ಆಚೆ ಮಲಗಿಸಿದರು. ಅಷ್ಟರಲ್ಲಿ ಮೋಡ ಸರಿದು ಬಿಸಿಲು ಬಿದ್ದಿತ್ತು. ಮೋಡ ಯಾಕೆ ಸರಿಯಿತು ಎಂದು ನನ್ನನ್ನು ಕೇಳಬೇಡಿ; ಜನವರಿಯ ಮೋಡ ಹಾಗೆಯೂ ಸರಿಯುತ್ತದೆ. ಮಾಳಸಿದ್ದ ಮಾತ್ರ ತಲೆಯೆತ್ತಿ ಅದನ್ನು ಬಹಳ ಹೊತ್ತು ನೋಡಿದ.

ಉತ್ತಮನ ಟೋಳಿ ರಸ್ತೆಯಲ್ಲಿ ಕಾಗವಾಡಕ್ಕೆ ಹೊರಡಲು ಗಂಟುಮೂಟೆ ಕಟ್ಟುತ್ತಿತ್ತು. ಮಾಳಸಿದ್ದ ಓಡುತ್ತ ಬಂದು ಟ್ರ್ಯಾಕ್ಟರಿನ ಮುಂದೆ ನಿಂತ. ದಾರಿ ಬಿಟ್ಟಿದ್ದಾರೆ, ಗಾಡಿ ತಿರುಗಿಸು ಎಂದ. ಉತ್ತಮ ಅವನನ್ನು ಮೇಲಿಂದ ಕೆಳಗೆ ನೋಡಿದ. ಈ ನಾಲ್ಕು ದಿನದಲ್ಲಿ ಮಾಲಕನ ಆಣೆಗಳನ್ನು ಅವನೂ ಸಾಕಷ್ಟು ಕೇಳಿದ್ದ. ಗಾಡಿ ಒಳಗೆ ತಿರುಗಿಸಿದ ಮೇಲೆ ದಾರಿಯಿಲ್ಲ ಎಂದರೆ ಅರ್ಧ ದಿನ ಹಾಳು.

"ಖರೇನ ಬಿಟ್ಟಾರೇನು?" ಎಂದ, ತನ್ನ ಮುರುಕು ಕನ್ನಡದಲ್ಲಿ.

ಆಣೆ ಹಾಕುವಾಗ ಗಂಟಲು ಹಿಡಿಯುವ ರೂಢಿಯಂತೆ ಮಾಳಸಿದ್ದನ ಕೈ ಗಂಟಲಿನ ಕಡೆ ಹೋಯಿತು. ಮಾಯವ್ವ, ಬೀರಪ್ಪ, ಸತ್ತ ತಾಯಿ, ಎಲ್ಲರೂ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತರು. ಉಗುರಿನ ಸಂದಿಯ ಹಳದಿ ಅವನ ಕಣ್ಣಿಗೆ ಬಿತ್ತು. ಕೈ ಕೆಳಗಿಳಿಸಿದ.

"ಹೌದು" ಎಂದ.

ಉತ್ತಮ ಮುಂದಿನದಕ್ಕೆ ಕಾದ. ಮುಂದೇನೂ ಬರಲಿಲ್ಲ. ಜೀವಮಾನದಲ್ಲೇ ಮೊದಲ ಸಲ ಬೆನ್ನಿಗೆ ಯಾವ ದೇವರೂ ಇಲ್ಲದೆ ಒಂಟಿಯಾಗಿ ಬಿಟ್ಟ ಆ ಮಾತು ನಿಲ್ಲುತ್ತದೋ ಬೀಳುತ್ತದೋ ಎಂದು ಮಾಳಸಿದ್ದ ಉಸಿರು ಬಿಗಿಹಿಡಿದು ನಿಂತಿದ್ದ. ಇದನ್ನು ಅವಳು ದಿನಾ ಹೇಗೆ ಮಾಡುತ್ತಾಳೆ ಎನಿಸಿತು.

ಉತ್ತಮ ಬೀಡಿ ಎಸೆದು, ಟ್ರ್ಯಾಕ್ಟರು ಹತ್ತಿ, ಚಕ್ರವನ್ನು ಬದುವಿನ ಕಡೆ ತಿರುಗಿಸಿದ.